ನರಿಗೆ ಪಟ್ಟೆ ಬರೆದ ಹುಡುಗ

ಅರವತ್ತರ ದಶಕದ ಕೊನೆಯ ಒಂದು ಮಳೆಗಾಲ. ಕೊಡಗಿನ ಭಾಗಮಂಡಲದ ಕಡೆಯ ಹೆಂಚಿನ ಮಾಡಿನ ಪ್ರಾಥಮಿಕ ಶಾಲೆ. ಎರಡನೆಯ ತರಗತಿಯಲ್ಲಿ ಮೇಷ್ಟ್ರು ನರಿ ಮತ್ತು ದ್ರಾಕ್ಷಿಯ ಕಥೆಯನ್ನು ಓದಿ ಮುಗಿಸಿ, ನರಿಯ ಚಿತ್ರ ಬರೆಯಿರಿ ಎಂದರು. ನನ್ನ ಪಕ್ಕದಲ್ಲಿ ಕುಳಿತಿದ್ದ ಗೆಳೆಯ ಸ್ಲೇಟಿನ ತುಂಬ ಒಂದು ದೊಡ್ಡ ಪ್ರಾಣಿಯನ್ನು ಬರೆದ. ಆಮೇಲೆ ನಾಲಿಗೆಯನ್ನು ತುಟಿಯ ಅಂಚಿಗೆ ಒತ್ತಿಕೊಂಡು ಅದರ ಮೈಗೆ ಒಂದೊಂದೇ ಪಟ್ಟೆ ಎಳೆಯತೊಡಗಿದ. ಮೇಷ್ಟ್ರು ಮೈಸೂರು ಸೀಮೆಯಿಂದ ವರ್ಗವಾಗಿ ಬಂದವರು. ಸ್ಲೇಟನ್ನು ಎತ್ತಿ ನೋಡಿದರು.

"ಇದು ಹುಲಿಯಲ್ಲವೇನೋ?"

"ಅಲ್ಲ ಸಾರ್, ನರಿ."

"ನರಿಗೆ ಪಟ್ಟೆ ಎಲ್ಲಿರುತ್ತದೆ?"

"ನರಿಗೇ ಸಾರ್ ಪಟ್ಟೆ ಇರುವುದು."

ಅವನ ಮಾತು ನಿಜವಾಗಿತ್ತು. ಕೊಡವರ ಮಾತಾದ ಕೊಡವ ತಕ್ಕಿನಲ್ಲಿ ನರಿ ಎಂದರೆ ಹುಲಿ. ಹುಲಿಯನ್ನು ಕೊಂದ ವೀರನಿಗೆ ಹಿಂದೆ ಮಾಡುತ್ತಿದ್ದ ಮರ್ಯಾದೆಯ ಶಾಸ್ತ್ರಕ್ಕೆ ಕೊಡವರು ಇಟ್ಟ ಹೆಸರೇ ನರಿ ಮಂಗಲ. ಅಂಥ ಮನೆಯಲ್ಲಿ ಹುಟ್ಟಿ ಬೆಳೆದ ಆರೇಳು ವರ್ಷದ ಹುಡುಗ, ಎಟುಕದ ದ್ರಾಕ್ಷಿಗಾಗಿ ಮತ್ತೆ ಮತ್ತೆ ಹಾರಿ ಸೋತು ಹೋಗುವ ಹುಲಿಯನ್ನು ಮನಸ್ಸಿನಲ್ಲಿ ಕಟ್ಟಿಕೊಂಡಿದ್ದ. ಆ ದ್ರಾಕ್ಷಿಯನ್ನೂ ಅವನು ಕಂಡಿರಲಿಲ್ಲ, ನಾನೂ ಕಂಡಿರಲಿಲ್ಲ. ನಮ್ಮ ಕಡೆಯ ಮಳೆಗೆ ದ್ರಾಕ್ಷಿ ಬಳ್ಳಿ ನಿಲ್ಲುವುದಿಲ್ಲ; ನಾವು ಕಂಡ ಹಣ್ಣೆಂದರೆ ಕಿತ್ತಳೆ. ನಮ್ಮ ಮನೆಯ ಮಾತು ಕನ್ನಡದ್ದೇ ಒಳನುಡಿಯಾದ ಅರೆಭಾಷೆಯಾದ್ದರಿಂದ ನನ್ನ ನರಿ ಹೇಗೋ ನರಿಯಾಗಿಯೇ ಉಳಿಯಿತು. ತೋಟದ ಕೂಲಿಯವರ ಲೈನ್‌ಮನೆಯಿಂದ ಬರುತ್ತಿದ್ದ ತಮಿಳು ಹುಡುಗಿಗೂ ನರಿ ನರಿಯೇ. ಹೀಗೆ ಒಂದು ಪುಟ್ಟ ಪಾಠ ಒಂದೇ ಕೋಣೆಯೊಳಗೆ ಎರಡು ಕಥೆಯಾಗಿತ್ತು.

ಹಿಂದಿನ ಕಾಲದ ಶಾಲಾ ಮಕ್ಕಳು ಏನು ಓದುತ್ತಿದ್ದರು ಎಂದು ಯಾರಾದರೂ ಕೇಳಿದಾಗಲೆಲ್ಲ ನನಗೆ ಆ ಪಟ್ಟೆಗಳು ನೆನಪಾಗುತ್ತವೆ. ಯಾವ ಪುಸ್ತಕ, ಯಾವ ಪದ್ಯ, ಯಾವ ಕಥೆ ಎಂದು ಪಟ್ಟಿ ಕೊಟ್ಟುಬಿಟ್ಟರೆ ಈ ಪ್ರಶ್ನೆಗೆ ಅರ್ಧ ಉತ್ತರ ಕೊಟ್ಟಂತೆ. ಆ ಓದು ಕಣ್ಣಿನ ಕೆಲಸವಾಗುವ ಮೊದಲು ಬಹಳ ಕಾಲ ಕಿವಿಯ ಕೆಲಸವಾಗಿತ್ತು. ಅದು ತಿಳಿದರೆ ಅಂದಿನ ಪಾಠಗಳು ಹಾಗೇಕಿದ್ದವು ಎಂಬುದು ತಾನಾಗಿ ಬಿಡಿಸಿಕೊಳ್ಳುತ್ತದೆ.

ಪುಸ್ತಕಕ್ಕಿಂತ ಮೊದಲು

ಮಗುವಿನ ಕೈಗೆ ಅಚ್ಚಾದ ಪುಸ್ತಕ ಬಂದದ್ದು ತೀರ ಈಚೆಗೆ. ಅದಕ್ಕೂ ಹಿಂದೆ ಕನ್ನಡ ನಾಡಿನ ಕೂಲಿಮಠಗಳೆಂಬ ಹಳ್ಳಿಯ ಶಾಲೆಗಳಲ್ಲಿ, ಪಾಠ ಹೇಳುವ ಐಗಳ ಮನೆಯ ಜಗಲಿಗಳಲ್ಲಿ ಮಗುವಿನ ಮೊದಲ ಪುಟ ಮರಳು. ನೆಲದ ಮೇಲೆ ಮರಳು ಹರವಿ ಐಗಳು ಮಗುವಿನ ತೋರುಬೆರಳನ್ನು ಹಿಡಿದು ಅಕ್ಷರ ತಿದ್ದಿಸುತ್ತಿದ್ದರು. ಬೆರಳು ಪಳಗಿದ ಮೇಲೆ ಕಡತ. ಬಟ್ಟೆಗೆ ಹುಣಸೆ ಬೀಜದ ಗಂಜಿಯನ್ನೂ ಇದ್ದಿಲ ಪುಡಿಯನ್ನೂ ಕಲಸಿ ಬಳಿದು, ಒಣಗಿಸಿ, ಮಡಿಕೆ ಮಡಿಕೆಯಾಗಿ ಮಡಚಿದರೆ ಕಡತ ಸಿದ್ಧ. ಆ ಕಪ್ಪು ಬಟ್ಟೆಯ ಮೇಲೆ ಬಳಪದ ಕಲ್ಲಿನಿಂದ ಬಿಳಿಯಾಗಿ ಬರೆಯಬೇಕು, ಬೇಡವಾದಾಗ ಅಳಿಸಿ ಮತ್ತೆ ಮಸಿ ಬಳಿಯಬೇಕು. ಇಂದು ತಾಲ್ಲೂಕು ಕಚೇರಿಯಲ್ಲಿ ಕಡತ ವಿಲೇವಾರಿ ಎನ್ನುವಾಗ ನಾವು ಬಳಸುವುದು ಇದೇ ಹೆಸರನ್ನು. ಮಕ್ಕಳು ಬರೆದು ಅಳಿಸುತ್ತಿದ್ದ ಬಟ್ಟೆಯ ಹೆಸರು ಯಾರೂ ಅಳಿಸಬಾರದ ದಾಖಲೆಗೆ ಉಳಿದುಕೊಂಡಿದೆ. ಕಡತದಿಂದಾಚೆಗೆ ಓಲೆಗರಿ: ಕಂಟವೆಂಬ ಕಬ್ಬಿಣದ ಮೊನೆಯಿಂದ ಕೊರೆದು ಮೇಲೆ ಮಸಿ ಸವರಿದರೆ ಅಕ್ಷರ ಮೂಡುತ್ತಿತ್ತು. ಅಲ್ಲಿಗೆ ತಲುಪುವ ಹೊತ್ತಿಗೆ ಹೆಚ್ಚಿನ ಮಕ್ಕಳು ಗದ್ದೆಯ ಕೆಲಸಕ್ಕೆ ಇಳಿದಿರುತ್ತಿದ್ದರು.

ಕೊಡಗಿನಲ್ಲಿ ಈ ಓದಿಗೆ ಒಂದು ವಿಶೇಷವಿತ್ತು. 1834ರಲ್ಲಿ ಇಂಗ್ಲಿಷರು ವಶಪಡಿಸಿಕೊಳ್ಳುವವರೆಗೆ ಇಲ್ಲಿ ಆಳಿದ ಹಾಲೇರಿ ಅರಸರು ಲಿಂಗಾಯತರು. ಅವರ ಆಡಳಿತದ ಭಾಷೆ ಕನ್ನಡ. ದೊಡ್ಡ ವೀರರಾಜೇಂದ್ರ ತನ್ನ ವಂಶದ ಚರಿತ್ರೆಯಾದ ರಾಜೇಂದ್ರನಾಮೆಯನ್ನು ಬರೆಸಿದ್ದು ಕನ್ನಡದಲ್ಲಿ. ಹುಕುಂ ಬರುತ್ತಿದ್ದುದು, ಲೆಕ್ಕ ಒಪ್ಪಿಸುತ್ತಿದ್ದುದು, ವಂಶಪಾರಂಪರ್ಯವಾಗಿ ಬಂದ ಜಮ್ಮಾ ಭೂಮಿಯ ವಿವರ ದಾಖಲಾಗುತ್ತಿದ್ದುದು ಎಲ್ಲವೂ ಕನ್ನಡದಲ್ಲೇ. ಆದರೆ ಮನೆಯ ಒಲೆಯ ಮುಂದೆ ಕೊಡವ ತಕ್ಕ್, ಅರೆಭಾಷೆ, ತುಳು, ಮಲೆಯಾಳ, ಯರವರ ಮಾತು, ಜೇನುಕುರುಬರ ಮಾತು. ಅಂದರೆ ಕೊಡಗಿನ ಬಹಳ ಮಕ್ಕಳಿಗೆ ಅಕ್ಷರ ಕಲಿಯುವುದು ಎಂದರೆ ಮನೆಯ ಹೊಸ್ತಿಲು ದಾಟಿ ಇನ್ನೊಂದು ಮಾತಿನೊಳಗೆ ಕಾಲಿಡುವುದು. ಬಯಲುಸೀಮೆಯ ಮಗುವಿಗೆ ಅಕ್ಷರವಷ್ಟೇ ಹೊಸದು. ನಮ್ಮಲ್ಲಿ ಹಲವರಿಗೆ ಅಕ್ಷರವೂ ಹೊಸದು, ಮಾತೂ ಹೊಸದು.

ಆ ಕಾಲದ ಕನ್ನಡ ಮಠಗಳಲ್ಲಿ ಏನು ಓದಿಸುತ್ತಿದ್ದರು ಎಂಬುದಕ್ಕೆ ಒಳ್ಳೆಯ ಸಾಕ್ಷ್ಯವಿರುವುದು ಬಳ್ಳಾರಿ ಜಿಲ್ಲೆಯದು. ಅಲ್ಲಿನ ಕಲೆಕ್ಟರ್ ಎ. ಡಿ. ಕ್ಯಾಂಪ್‌ಬೆಲ್ 1823ರಲ್ಲಿ ಮದರಾಸು ಸರ್ಕಾರಕ್ಕೆ ಒಂದು ವರದಿ ಕಳುಹಿಸಿದ. ಜಿಲ್ಲೆಯಲ್ಲಿದ್ದ 533 ಶಾಲೆಗಳು, ಅಲ್ಲಿ ಕಲಿಯುತ್ತಿದ್ದ 6,641 ಮಕ್ಕಳು, ಅವರು ಓದುವ ಗ್ರಂಥಗಳು ಎಲ್ಲವೂ ಅದರಲ್ಲಿವೆ. ರಾಮಾಯಣ, ಮಹಾಭಾರತ, ಭಾಗವತ. ಲಿಂಗಾಯತ ಮಕ್ಕಳಿಗೆ ಬಸವ ಪುರಾಣ, ಗಿರಿಜಾ ಕಲ್ಯಾಣ. ಹಗುರವಾದ ಓದಿಗೆ ಪಂಚತಂತ್ರ, ಬೇತಾಳನ ಕಥೆಗಳು. ಮಕ್ಕಳಿಗೆಂದೇ ಬರೆದ ಪುಸ್ತಕ ಆ ಪಟ್ಟಿಯಲ್ಲಿಲ್ಲ. ದೊಡ್ಡವರ ಕಾವ್ಯವೇ ಮಕ್ಕಳ ಪಾಠ. ಮುಂದಿರುವ ಮಕ್ಕಳು ಹಿಂದಿರುವವರಿಗೆ ಹೇಳಿಕೊಡುವ ಪದ್ಧತಿಯನ್ನು ಕ್ಯಾಂಪ್‌ಬೆಲ್ ಮನಸಾರೆ ಮೆಚ್ಚಿದ್ದಾನೆ. ಇಂಗ್ಲೆಂಡು ಇದನ್ನು ಅನುಸರಿಸಿದ್ದು ಸರಿ ಎಂದಿದ್ದಾನೆ. ಜೊತೆಗೆ ಒಂದು ಕೊರತೆಯನ್ನೂ ಹೇಳಿದ್ದಾನೆ: ಕಾವ್ಯದ ಭಾಷೆ ಬೇರೆ, ಆಡುವ ಭಾಷೆ ಬೇರೆಯಾದ್ದರಿಂದ ಮಕ್ಕಳು ಅರ್ಥ ತಿಳಿಯದೆ ಉರು ಹೊಡೆಯುತ್ತಾರೆ. ಕನ್ನಡವನ್ನೇ ಆಡುವ ಮಕ್ಕಳ ಪಾಡು ಇದಾದರೆ ನಮ್ಮ ಬೆಟ್ಟದ ಮಕ್ಕಳ ಪಾಡನ್ನು ಊಹಿಸಬಹುದು.

ದನಿಯಿಲ್ಲದೆ ಓದಲಾಗದ ಬರಹ

ಉರು ಹೊಡೆಯುವುದನ್ನು ಇಂದು ನಾವು ಹಗುರಾಗಿ ಕಾಣುತ್ತೇವೆ. ಆದರೆ ಅಂದಿನ ಬರಹವೇ ಹಾಗಿತ್ತು. ಓಲೆಗರಿಯಲ್ಲಿ ಪದ ಪದಗಳ ನಡುವೆ ಜಾಗ ಬಿಡುವ ಪದ್ಧತಿಯಿಲ್ಲ. ಅಲ್ಪವಿರಾಮವಿಲ್ಲ, ಪ್ರಶ್ನಾರ್ಥಕ ಚಿಹ್ನೆಯಿಲ್ಲ. ಪದ್ಯ ಮುಗಿದಲ್ಲಿ ಎರಡು ಗೀಟು ಇದ್ದರೆ ಅದೇ ಹೆಚ್ಚು. ಎ ಮತ್ತು ಏ, ಒ ಮತ್ತು ಓ ಇವುಗಳ ವ್ಯತ್ಯಾಸವನ್ನು ಕಾಗುಣಿತದಲ್ಲಿ ಬಹಳ ಸಲ ತೋರಿಸುತ್ತಲೇ ಇರಲಿಲ್ಲ. 'ಕೆರೆ' ಎಂದು ಬರೆದಿದ್ದರೆ ಅದು ನೀರಿನ ಕೆರೆಯೋ, ಕೇರೆ ಹಾವೋ ಎಂದು ಮುಂದಿನ ಮಾತಿನಿಂದ ತಿಳಿಯಬೇಕು. ಮುಂದಿನ ಮಾತು ಎಲ್ಲಿ ಶುರುವಾಗುತ್ತದೆ ಎಂಬುದೂ ಗೊತ್ತಿಲ್ಲ! ಇಂಥ ಬರಹವನ್ನು ಮಗು ತಾನಾಗಿ ಓದುವುದು ಆಗದ ಮಾತು. ಪದ್ಯದ ನಡೆ ಮೊದಲೇ ಕಿವಿಯಲ್ಲಿ ಕೂತಿದ್ದರೆ ಮಾತ್ರ ಕಣ್ಣು ಅದನ್ನು ಗುರುತಿಸುತ್ತದೆ. ಭಾಮಿನಿ, ವಾರ್ಧಕ ಷಟ್ಪದಿಗಳ ಧಾಟಿ ಬಾಯಿಗೆ ಬಂದವನಿಗೆ ಎಲ್ಲಿ ಒಡೆಯಬೇಕು, ಎಲ್ಲಿ ಎಳೆಯಬೇಕು ಎಂದು ಆ ಧಾಟಿಯೇ ಹೇಳಿಕೊಡುತ್ತಿತ್ತು. ಹೀಗಾಗಿ ಐಗಳ ದನಿ ಪಠ್ಯದ ಒಂದು ಭಾಗವೇ ಆಗಿತ್ತು. ಅವರ ಬಾಯಿಂದ ಬಾರದ ಓಲೆ ಮಗುವಿನ ಪಾಲಿಗೆ ಬರಿಯ ಗೀರು.

ವರ್ಣಮಾಲೆಯ ಅನುಕ್ರಮವೂ ಕಿವಿಗಾಗಿ ಹುಟ್ಟಿದ್ದು. ಕ ಖ ಗ ಘ ಙ ಗಂಟಲಲ್ಲಿ ಹುಟ್ಟಿ, ಚ ಛ ಜ ಝ ಞ ಸ್ವಲ್ಪ ಮುಂದೆ ಬಂದು, ಟ ವರ್ಗ ಅಂಗುಳ ತಾಗಿ, ತ ವರ್ಗ ಹಲ್ಲಿಗೆ ಬಂದು, ಪ ವರ್ಗ ತುಟಿಯಲ್ಲಿ ಮುಗಿಯುತ್ತದೆ. ಒಳಗಿನಿಂದ ಹೊರಗೆ ಬಾಯಿಯ ಪೂರ್ತಿ ನಕ್ಷೆ. ಹಾಡಿಕೊಂಡು ಹೇಳಲು ಇದಕ್ಕಿಂತ ಚೆಂದದ ಅನುಕ್ರಮ ಇನ್ನೊಂದಿಲ್ಲ. ಓದಲು ಮಾತ್ರ ಇದು ನಿಧಾನದ ದಾರಿ. ಅ ಆ ಇ ಈ ಉ ಎಂದು ಐದು ಅಕ್ಷರ ಕಲಿತರೂ ಆ, ಈ ಎಂಬ ಎರಡು ಒಂಟಿ ಮಾತು ಬಿಟ್ಟರೆ ಓದಿ ತೋರಿಸಬಹುದಾದ ಪದ ಒಂದೂ ಆಗುವುದಿಲ್ಲ. ಙ, ಞ ಅಕ್ಷರಗಳಿಂದ ಮೊದಲಾಗುವ ಪದ ಕನ್ನಡದ ದಿನದ ಮಾತಿನಲ್ಲಿಲ್ಲ. ಆದರೂ ಅವನ್ನು ಬಿಡುವಂತಿಲ್ಲ, ಬಿಟ್ಟರೆ ಹಾಡು ಕುಂಟುತ್ತದೆ.

ವರ್ಣಮಾಲೆ ಮುಗಿದರೆ ಕಾಗುಣಿತ. ಇದನ್ನು ನಾವು ಹೇಗೆ ಕಲಿತೆವು ಎಂದು ಹೇಳಲೇಬೇಕು, ಏಕೆಂದರೆ ಅಂದಿನ ಓದಿನ ಹೃದಯವೇ ಅದು. ಮೇಷ್ಟ್ರು ಕಪ್ಪು ಹಲಗೆಯ ಮೇಲೆ ಒಂದು ಕ ಬರೆದು ಬೆತ್ತದ ತುದಿಯನ್ನು ಅದರ ನೆತ್ತಿಯ ಮೇಲೆ ಇಡುತ್ತಿದ್ದರು. ನಾವು ಕೂಗುತ್ತಿದ್ದೆವು: ತಲಕಟ್ಟು ಕ, ಇಳಿ ಕಾ, ಗುಡಿಸು ಕಿ, ಗುಡಿಸಿನ ದೀರ್ಘ ಕೀ, ಕೊಂಬು ಕು, ಕೊಂಬಿನ ಇಳಿ ಕೂ, ವಟ್ರಸುಳಿ ಕೃ, ಏತ್ವ ಕೆ, ಏತ್ವದ ದೀರ್ಘ ಕೇ, ಐತ್ವ ಕೈ, ಓತ್ವ ಕೊ, ಓತ್ವದ ದೀರ್ಘ ಕೋ, ಔತ್ವ ಕೌ, ಸೊನ್ನೆ ಕಂ, ವಿಸರ್ಗ ಕಃ. ತಲೆಗೆ ಕಟ್ಟಿದ್ದು ತಲಕಟ್ಟು, ಕೆಳಕ್ಕೆ ಇಳಿದದ್ದು ಇಳಿ, ಪಕ್ಕಕ್ಕೆ ಬಾಗಿ ಚಾಚಿದ್ದು ಕೊಂಬು, ಸುತ್ತಿಕೊಂಡದ್ದು ಸುಳಿ. ಕಣ್ಣಿಗೆ ಕಾಣುವ ಆಕಾರವನ್ನು ಮಾತಾಗಿಸಿ ಕಿವಿಗೆ ಕೊಡುವ ಈ ಹೆಸರುಗಳನ್ನು ಯಾರು ಇಟ್ಟರೋ, ಅವರಿಗೆ ಮಕ್ಕಳ ಮನಸ್ಸು ಚೆನ್ನಾಗಿ ಗೊತ್ತಿತ್ತು. ಒಂದು ಅಕ್ಷರಕ್ಕೆ ಹದಿನೈದು ರೂಪ, ಮೂವತ್ತನಾಲ್ಕು ವ್ಯಂಜನಕ್ಕೆ ಒಟ್ಟು 510. ಅದರ ಮೇಲೆ ಒತ್ತಕ್ಷರ. ಇಷ್ಟನ್ನು ದಾಟಿದ ಮೇಲಷ್ಟೇ ಮಗುವಿಗೆ ಮೊದಲ ವಾಕ್ಯ. ಹೊರಗೆ ಸುರಿಯುವ ಮಳೆ, ಒಳಗೆ ನಲವತ್ತು ಕೊರಳು ಒಂದಾಗಿ ಕೂಗುವ ಕಾಗುಣಿತ. ಮಳೆ ಜೋರಾದರೆ ನಾವೂ ಜೋರಾಗುತ್ತಿದ್ದೆವು.

ಈ ಕೂಗಿನಿಂದ ಕೊಡಗಿನ ಮಕ್ಕಳಿಗೆ ಒಂದು ಉಪಕಾರವಾಯಿತು ಎಂದೇ ನಾನು ನಂಬಿದ್ದೇನೆ. ಕೊಡವ ತಕ್ಕಿನಲ್ಲಿ ಮಹಾಪ್ರಾಣದ ಬಳಕೆಯಿಲ್ಲ. ಕನ್ನಡದ ಅಕ್ಷರದಲ್ಲಿ ಸರಿಯಾಗಿ ಬರೆಯಲಾಗದ ಒಂದೆರಡು ಸ್ವರಗಳು ಆ ಮಾತಿನಲ್ಲಿವೆ. ಮನೆಯಲ್ಲಿ ಕೇಳದ ಕನ್ನಡದ ದನಿಗಳು ಮಗುವಿನ ಬಾಯಲ್ಲಿ ಕೂರಬೇಕಾದರೆ ಕೂಗದೆ ಬೇರೆ ದಾರಿಯಿರಲಿಲ್ಲ. ಅರ್ಥ ತಡವಾಗಿ ಬಂತು, ನಿಜ. ದನಿ ಮಾತ್ರ ಗಟ್ಟಿಯಾಗಿ ಕೂತಿತು.

ಘಟ್ಟ ಹತ್ತಿ ಬಂದ ಅಚ್ಚು

ಅಚ್ಚಿನ ಪುಸ್ತಕ ನಮ್ಮ ಕಡೆಗೆ ಬಂದ ದಾರಿಯನ್ನು ಹುಡುಕಿದರೆ ಅದು ಮಂಗಳೂರಿಗೆ ಹೋಗುತ್ತದೆ. ಬಾಸೆಲ್ ಮಿಷನ್ನಿನವರು ಅಲ್ಲಿ 1841ರಲ್ಲಿ ಕಲ್ಲಚ್ಚಿನ ಮುದ್ರಣ ಆರಂಭಿಸಿದರು. ಕನ್ನಡದ ಮೊದಲ ಪತ್ರಿಕೆ ಮಂಗಳೂರ ಸಮಾಚಾರವನ್ನು 1843ರಲ್ಲಿ ಹೊರತಂದ ಹರ್ಮನ್ ಮೋಗ್ಲಿಂಗ್ ಹತ್ತು ವರ್ಷದ ಮೇಲೆ ಕೊಡಗಿಗೆ ಬಂದು ನೆಲೆಸಿದರು. ಅವರ ಹಿಂದೆಯೇ ಬಂದ ಜಾರ್ಜ್ ರಿಕ್ಟರ್ ಮಡಿಕೇರಿಯ ಸರ್ಕಾರಿ ಸೆಂಟ್ರಲ್ ಶಾಲೆಯ ಮುಖ್ಯಸ್ಥರಾದರು. ರಿಕ್ಟರ್ ಬರೆದ ಕೊಡಗಿನ ಕೈಪಿಡಿ 1870ರಲ್ಲಿ ಅಚ್ಚಾದದ್ದೂ ಮಂಗಳೂರಿನಲ್ಲೇ. ಮಿಷನ್ನಿನ ಆ ಮುದ್ರಣಾಲಯ ಮುಂದೆ ಕನ್ನಡ ಶಾಲಾ ಪುಸ್ತಕಗಳಿಗೆ ದೊಡ್ಡ ಮನೆಯಾಯಿತು.

ಅಚ್ಚು ಮಾಡಿದ ದೊಡ್ಡ ಬದಲಾವಣೆ ಪುಸ್ತಕದ ಸಂಖ್ಯೆಯಲ್ಲಿ ಕಾಣುವುದಕ್ಕಿಂತ ಪುಟದ ಮೇಲೆ ಹೆಚ್ಚು ಕಾಣುತ್ತದೆ. ಪದಗಳ ನಡುವೆ ಜಾಗ ಬಂತು. ವಾಕ್ಯ ಮುಗಿದಲ್ಲಿ ಚುಕ್ಕೆ ಬಂತು. ಏತ್ವಕ್ಕೂ ಏತ್ವದ ದೀರ್ಘಕ್ಕೂ ಬೇರೆ ಬೇರೆ ಗುರುತು ನಿಂತಿತು. ಪಾಠಕ್ಕೊಂದು ಸಂಖ್ಯೆ, ಪಾಠದ ಕೊನೆಗೆ ಪ್ರಶ್ನೆ, ನಡುವೆ ಒಂದು ಚಿತ್ರ. ಇವೆಲ್ಲ ಸೇರಿ ಮೊದಲ ಬಾರಿಗೆ ಮಗು ಐಗಳ ದನಿಯ ಹಂಗಿಲ್ಲದೆ ಪುಟವನ್ನು ಬಿಡಿಸಿ ಓದುವಂತಾಯಿತು. ಜೊತೆಗೆ ಕಾವ್ಯದ ಪಕ್ಕದಲ್ಲಿ ಗದ್ಯ ಬಂದು ಕುಳಿತಿತು. ಪ್ರಾಣಿಗಳ ಕಥೆ, ನೀತಿಯ ಮಾತು, ಆರೋಗ್ಯದ ಪಾಠ, ಭೂಗೋಳ. ದ್ರಾಕ್ಷಿಗೆ ಹಾರುವ ನರಿ ನಮ್ಮ ಪುಸ್ತಕಗಳಿಗೆ ಬಂದದ್ದು ಹೀಗೆಯೇ, ಗ್ರೀಕರ ಈಸೋಪನ ಕಥೆಗಳಿಂದ.

ಆದರೆ ಮಕ್ಕಳ ಕಿವಿಯನ್ನು ಮರೆಯದೆ ಬರೆದವರೂ ಇದ್ದರು. ಅವರಲ್ಲಿ ಮೊದಲ ಹೆಸರು ಪಂಜೆ ಮಂಗೇಶರಾಯರದು. ಬಂಟ್ವಾಳದಲ್ಲಿ 1874ರಲ್ಲಿ ಹುಟ್ಟಿ, ಅಧ್ಯಾಪಕರಾಗಿ, ಶಾಲಾ ತಪಾಸಣೆಯ ಅಧಿಕಾರಿಯಾಗಿ ಊರೂರು ಸುತ್ತಿ, ಮಕ್ಕಳು ಎಲ್ಲಿ ತಡವರಿಸುತ್ತಾರೆ ಎಂದು ಕಣ್ಣಾರೆ ಕಂಡವರು ಅವರು. ಕವಿಶಿಷ್ಯ ಎಂಬ ಹೆಸರಿನಿಂದ ಬರೆದರು. ಮಡಿಕೇರಿಯ ಹೈಸ್ಕೂಲಿಗೆ ಮುಖ್ಯೋಪಾಧ್ಯಾಯರಾಗಿ ಬಂದದ್ದರಿಂದಲೇ ನಮ್ಮ ಸುಗ್ಗಿ ಹಬ್ಬದ ಹೆಸರಿನ ಅವರ ಹುತ್ತರಿ ಹಾಡು ನಮಗೆ ಸಿಕ್ಕಿತು. ಕೊಡಗಿನ ಬೆಟ್ಟ, ಕಾವೇರಿ, ಇಲ್ಲಿಯ ವೀರರು, ಹುತ್ತರಿಯ ಕುಣಿತ ಎಲ್ಲವೂ ಅದರಲ್ಲಿವೆ. ಹೊರಗಿನಿಂದ ಬಂದ ಒಬ್ಬ ಮೇಷ್ಟ್ರು ಬರೆದ ಆ ಪದ್ಯವನ್ನು ಕೊಡಗಿನ ಶಾಲಾ ಮಕ್ಕಳು ತಲೆಮಾರುಗಟ್ಟಲೆ ಎದ್ದುನಿಂತು ಹಾಡಿದ್ದಾರೆ. ಪಠ್ಯದಲ್ಲಿ ನಮ್ಮ ಊರು ಬಂದ ಅಪರೂಪದ ಗಳಿಗೆ ಅದು. ಅದನ್ನು ಹಾಡುವಾಗ ನನ್ನ ಪಟ್ಟೆ ಬರೆಯುವ ಗೆಳೆಯನ ದನಿ ಎಲ್ಲರಿಗಿಂತ ಮೇಲಿರುತ್ತಿತ್ತು.

ಪ ಮತ್ತು ಹ

ಹುತ್ತರಿ ಎಂಬ ಪದದಲ್ಲೇ ಒಂದು ಪಾಠವಿದೆ. ಕನ್ನಡದಲ್ಲಿ ಹುತ್ತರಿ, ಕೊಡವ ತಕ್ಕಿನಲ್ಲಿ ಪುತ್ತರಿ. ಕನ್ನಡದ ಹಾಲು ಕೊಡವರ ಪಾಲ್. ಹೂ ಅವರ ಪೂ. ಹಾಡು ಅವರ ಪಾಟ್. ಹಳಗನ್ನಡದಲ್ಲೂ ಇವು ಪಾಲ್, ಪೂ, ಪಾಡು ಎಂದೇ ಇದ್ದವು. ಕಾಲ ಕಳೆದಂತೆ ಕನ್ನಡದಲ್ಲಿ ಪದದ ಮೊದಲ ಪಕಾರ ಹಕಾರವಾಯಿತು, ಕೊಡವ ತಕ್ಕಿನಲ್ಲಿ ಹಾಗೆಯೇ ಉಳಿಯಿತು. ಈ ಒಂದು ಸೂತ್ರವನ್ನು ಮೊದಲ ವಾರವೇ ಹೇಳಿಕೊಟ್ಟಿದ್ದರೆ ಎಷ್ಟೋ ಮಕ್ಕಳಿಗೆ ನೂರಾರು ಪದಗಳು ಒಂದೇ ದಿನ ಪರಿಚಯದವಾಗುತ್ತಿದ್ದವು. ಯಾರೂ ಹೇಳಿಕೊಡಲಿಲ್ಲ. ಪಾಲ್ ಎಂದ ಮಗುವನ್ನು 'ಹಾಲು ಎನ್ನು' ಎಂದು ತಿದ್ದಿದರು, ಅಷ್ಟೇ. ಮುಂದೆ ಹೈಸ್ಕೂಲಿಗೆ ಹೋದಾಗ ಹಳಗನ್ನಡ ಪದ್ಯ ಬಂತು. ಬಯಲುಸೀಮೆಯ ಮಕ್ಕಳು ಪಾಲ್ ಎಂದರೇನೆಂದು ಅರ್ಥಕೋಶ ತೆಗೆಯುತ್ತಿದ್ದಾಗ ನನ್ನ ಗೆಳೆಯ ಕೈ ಎತ್ತಿ ನಿಂತಿದ್ದ. ಅವನ ಅವ್ವ ಬೆಳಗ್ಗೆ ಆಡಿದ ಮಾತು ಸಾವಿರ ವರ್ಷ ಹಳೆಯ ಪದ್ಯದಲ್ಲಿ ಕುಳಿತಿತ್ತು.

ಮಗ್ಗಿ ಪುಸ್ತಕದಲ್ಲೂ ಇದೇ ಕಥೆ. ಅಂಗೈ ಅಗಲದ ಆ ಪುಸ್ತಕವೇ ಆಗ ಬಡವರ ವಿಶ್ವಕೋಶ. ಅಕ್ಷರಮಾಲೆ, ಕಾಗುಣಿತ, ಮಗ್ಗಿ, ವಾರ, ತಿಥಿ, ನಕ್ಷತ್ರ, ಅರವತ್ತು ಸಂವತ್ಸರ, ಅಳತೆ, ತೂಕ ಎಲ್ಲವೂ ಅದರಲ್ಲಿ. ತಿಂಗಳು ಎಂದರೆ ಅಲ್ಲಿ ಚೈತ್ರ, ವೈಶಾಖ. ಕೊಡವರ ಮನೆಯಲ್ಲಿ ವರ್ಷ ಮೊದಲಾಗುವುದು ಎಡಮ್ಯಾರ್‌ನಿಂದ. ಜುಲೈ ನಡುವಿನಿಂದ ಆಗಸ್ಟ್ ನಡುವಿನವರೆಗಿನ ಜಡಿಮಳೆಯ ತಿಂಗಳು ಕಕ್ಕಡ. ಕಕ್ಕಡ ಹದಿನೆಂಟರಂದು ಮದ್ದುಸೊಪ್ಪಿನ ಪಾಯಸ ಉಣ್ಣದ ಮಗು ನಮ್ಮಲ್ಲಿಲ್ಲ. ಅದೇ ತಿಂಗಳು ತುಳುವರ ಮನೆಯಲ್ಲಿ ಆಟಿ, ಶಾಲೆಯ ಹಾಜರಿ ಪುಸ್ತಕದಲ್ಲಿ ಇಂಗ್ಲಿಷ್ ತಿಂಗಳು. ಇಷ್ಟೂ ಲೆಕ್ಕಗಳನ್ನು ಮಕ್ಕಳು ಒಟ್ಟಿಗೆ ಹೊತ್ತರು. ಯಾವುದನ್ನು ಎಲ್ಲಿ ಹೇಳಬೇಕು ಎಂದು ಅವರಿಗೆ ಯಾರೂ ಹೇಳಬೇಕಾಗಿರಲಿಲ್ಲ.

ಮಗ್ಗಿಯನ್ನು ಎರಡೊಂದಲ ಎರಡು, ಎರಡೆರಡಲ ನಾಲ್ಕು ಎಂದು ರಾಗವಾಗಿ ಹೇಳುತ್ತಿದ್ದೆವು. ನನ್ನ ಅಜ್ಜ ಇದರ ಮೇಲೆ ಕಾಲಿನ ಮಗ್ಗಿ, ಅರೆಯ ಮಗ್ಗಿ, ಮುಕ್ಕಾಲಿನ ಮಗ್ಗಿಯನ್ನೂ ಹೇಳಬಲ್ಲವರಾಗಿದ್ದರು. ಅಷ್ಟೆಲ್ಲ ಏಕೆ ಬೇಕಿತ್ತು ಎಂದು ಒಮ್ಮೆ ಕೇಳಿದೆ. "ಸಂತೆಯಲ್ಲಿ ಸ್ಲೇಟು ಯಾರು ಕೊಡುತ್ತಾರೆ ಮಗಾ? ಬಾಯಲ್ಲೇ ಲೆಕ್ಕ ಆಗಬೇಕು" ಎಂದರು. ರೂಪಾಯಿಗೆ 16 ಆಣೆ, ಆಣೆಗೆ 12 ಪೈ. ಡಜನ್ ಕಿತ್ತಳೆಗೆ 3 ಆಣೆಯಾದರೆ 40 ಕಿತ್ತಳೆಗೆ ಎಷ್ಟು? ಒಂದಕ್ಕೆ 3 ಪೈ, ನಲವತ್ತಕ್ಕೆ 120 ಪೈ, ಅಂದರೆ 10 ಆಣೆ. ಅಜ್ಜ ಇದನ್ನು ಉಸಿರು ಬಿಡುವುದರೊಳಗೆ ಹೇಳುತ್ತಿದ್ದರು.

ಆಮೇಲೆ ಬಂದ ಬದಲಾವಣೆ ಅಪ್ಪನ ತಲೆಮಾರನ್ನು ನಿಜಕ್ಕೂ ಕಂಗೆಡಿಸಿತು. ಅಲ್ಲಿಯವರೆಗೆ ತನ್ನದೇ ಪುಟ್ಟ ರಾಜ್ಯವಾಗಿದ್ದ ಕೊಡಗು 1956ರ ನವೆಂಬರ್ 1ರಂದು ಮೈಸೂರು ರಾಜ್ಯಕ್ಕೆ ಸೇರಿತು. ಐದು ತಿಂಗಳ ಮೇಲೆ, 1957ರ ಏಪ್ರಿಲ್ 1ರಂದು, ರೂಪಾಯಿಗೆ ನೂರು ನಯಾ ಪೈಸೆ ಎಂದಾಯಿತು. ಅದರ ಬೆನ್ನಿಗೇ ಸೇರು, ಮಣಗಳ ಜಾಗಕ್ಕೆ ಕಿಲೋ ಬಂತು. ಮಡಿಕೇರಿಯಲ್ಲಿದ್ದ ಸರ್ಕಾರ ಬೆಂಗಳೂರಿಗೆ ಹೋಯಿತು, ಉರು ಹೊಡೆದ ಆಣೆ ಲೆಕ್ಕ ಕೆಲಸಕ್ಕೆ ಬಾರದಾಯಿತು. ಅಣ್ಣ ಓದಿಟ್ಟ ಪುಸ್ತಕವನ್ನು ತಮ್ಮ ಓದುವುದು ನಮ್ಮ ಮನೆಗಳ ರೂಢಿ. ಮೇಲಿನ ತರಗತಿಗೆ ಹೋದವರಿಂದ ಅರ್ಧ ಬೆಲೆಗೆ ಕೊಂಡು, ಬೈಂಡಿನ ಕಾಗದ ಹಾಕಿ, ಮಳೆಗಾಲದಲ್ಲಿ ಒಲೆಯ ಮೇಲಿನ ಅಟ್ಟದಲ್ಲಿ ಒಣಗಿಸಿ ಉಳಿಸಿಕೊಳ್ಳುತ್ತಿದ್ದ ಗಣಿತದ ಪುಸ್ತಕ ಆ ವರ್ಷ ತಮ್ಮನ ಕೈಗೆ ಹೋಗಲಿಲ್ಲ.

ಬೀದಿಯಿಲ್ಲದ ಊರು

ಪಠ್ಯಪುಸ್ತಕದ ಊರಿಗೂ ನಮ್ಮ ಊರಿಗೂ ಇದ್ದ ದೂರವನ್ನು ಹೇಳಿದರೆ ಈ ಮಾತು ಇನ್ನೂ ಸ್ಪಷ್ಟವಾದೀತು. ಪುಸ್ತಕದ ಊರಿನಲ್ಲಿ ಬೀದಿಯಿತ್ತು. ಬೀದಿಯ ತುದಿಗೆ ಅರಳಿಕಟ್ಟೆ, ಕಟ್ಟೆಯ ಮೇಲೆ ಹಿರಿಯರು, ಆಚೆಗೆ ಕೆರೆ, ಕೆರೆ ಏರಿಯ ಮೇಲೆ ಹಸುಗಳ ಸಾಲು. ಶನಿವಾರಸಂತೆ, ಕೊಡ್ಲಿಪೇಟೆ ಕಡೆಯ ಮಕ್ಕಳಿಗೆ ಇದು ಅಷ್ಟಿಷ್ಟು ಹೊಂದುತ್ತಿತ್ತು. ನಮ್ಮ ಕಡೆ ಊರೆಂದರೆ ಗದ್ದೆಯಾಚೆ ಒಂದು ಮನೆ, ಬಾಣೆಯ ಮೇಲೊಂದು, ತೋಟದೊಳಗೆ ಮತ್ತೊಂದು. ಒಂದು ಕುಲದ ಮೂಲಮನೆಯಾದ ಐನ್‌ಮನೆಯಿಂದ ಇನ್ನೊಂದು ಐನ್‌ಮನೆಗೆ ಅರ್ಧ ಮೈಲಿ. ಬೀದಿ ಎಂಬ ಪದವನ್ನು ನಾನು ಓದಲು ಕಲಿತ ಮೂರು ವರ್ಷದ ಮೇಲೆ ವಿರಾಜಪೇಟೆಯಲ್ಲಿ ಮೊದಲ ಬಾರಿಗೆ ನೋಡಿದೆ. ತೇರು ಹೋಗುವ ದಾರಿ ಎಂದು ಪುಸ್ತಕದಲ್ಲಿ ಓದಿದ್ದರಿಂದ ಅಪ್ಪನನ್ನು 'ತೇರು ಎಲ್ಲಿ' ಎಂದು ಕೇಳಿದ್ದೆನಂತೆ.

ಇದನ್ನು ದೂರಾಗಿ ಹೇಳುತ್ತಿಲ್ಲ. ಕಾಣದ್ದನ್ನು ಕಾಣಿಸುವುದೂ ಪುಸ್ತಕದ ಕೆಲಸವೇ. ಆದರೆ ಜೇನುಕುರುಬ, ಯರವರ ಮಕ್ಕಳನ್ನು ನೆನೆದಾಗ ಮನಸ್ಸು ಭಾರವಾಗುತ್ತದೆ. ಮರದ ಜಾತಿ, ಹಕ್ಕಿಯ ಕೂಗು, ಜೇನಿನ ಬಗೆ, ಆನೆಯ ದಾರಿ ಎಲ್ಲ ತಿಳಿದಿದ್ದ ಆ ಮಕ್ಕಳು ಪುಸ್ತಕದ ಮುಂದೆ ಮೂಕರಾಗಿ ಕುಳಿತಿದ್ದರು. ಅವರಿಗೆ ಗೊತ್ತಿದ್ದ ಒಂದೇ ಒಂದು ಸಂಗತಿ ಆ ಪುಟಗಳಲ್ಲಿ ಇರಲಿಲ್ಲ. ಅವರಲ್ಲಿ ಬಹಳ ಮಂದಿ ಮೂರನೆಯ ತರಗತಿಗೆ ಬರುವ ಮೊದಲೇ ಶಾಲೆ ಬಿಟ್ಟರು. ಮೇಷ್ಟ್ರುಗಳು ಅದಕ್ಕೆ ಬಡತನದ ಕಾರಣ ಕೊಟ್ಟರು. ಬಡತನವಂತೂ ಇತ್ತು, ಪುಸ್ತಕವೂ ಕಾರಣವಾಗಿತ್ತು ಎಂಬುದು ನನ್ನ ಗಟ್ಟಿ ಅಭಿಪ್ರಾಯ.

ಶಾಲೆಯ ಪುಸ್ತಕದ ಹೊರಗೆ ಓದಲು ಸಿಗುತ್ತಿದ್ದುದು ಕಡಿಮೆ. 1949ರಿಂದ ಕನ್ನಡದಲ್ಲಿ ಬರತೊಡಗಿದ ಚಂದಮಾಮ ಯಾರದೋ ಮನೆಗೆ ಬಂದರೆ ಊರೆಲ್ಲ ಸುತ್ತಿ, ಮುಖಪುಟ ಕಳೆದುಕೊಂಡು ನಮ್ಮ ಕೈಗೆ ಬರುತ್ತಿತ್ತು. 1957ರಲ್ಲಿ ಮಡಿಕೇರಿಯಲ್ಲಿ ಆರಂಭವಾದ ಶಕ್ತಿ ಪತ್ರಿಕೆಯನ್ನು ಅಪ್ಪ ಓದಿ ಮಡಚಿದ ಮೇಲೆ ನಾವು ದಪ್ಪಕ್ಷರದ ತಲೆಬರಹಗಳನ್ನು ಕೂಡಿಸಿ ಓದುತ್ತಿದ್ದೆವು. ಸಕ್ಕರೆ ಕಟ್ಟಿ ತಂದ ಕಾಗದವನ್ನು ಒಲೆಗೆ ಹಾಕುವ ಮೊದಲು ಓದುವುದು ನಮ್ಮ ಮನೆಯಲ್ಲಿ ನಿಯಮದಂತಿತ್ತು. ಕಥೆಯ ನಡುವಿನ ಒಂದು ಚೂರು ಸಿಗುತ್ತಿತ್ತು; ಮೊದಲು, ಕೊನೆ ನಾವೇ ಕಟ್ಟಿಕೊಳ್ಳಬೇಕು. ಬಾಯಿಂದ ಬಾಯಿಗೆ ಬಂದ ಗೋವಿನ ಹಾಡು ಮಾತ್ರ ಪೂರ್ತಿ ಇತ್ತು. ಅದರಲ್ಲಿಯ ಹುಲಿ ಹಾರಿ ನೆಗೆದು ಪ್ರಾಣ ಬಿಡುವಲ್ಲಿಗೆ ಬಂದಾಗ ಗೆಳೆಯ ತಲೆ ತಗ್ಗಿಸಿ ಕೂರುತ್ತಿದ್ದ. ಅವನ ಮಟ್ಟಿಗೆ ಸತ್ತದ್ದು ನರಿ.

ರ ಗ ಸ ದ ಅ

ಕಣ್ಣಿಗಾಗಿ ಕಟ್ಟಿದ ಪಾಠ ಪೂರ್ತಿಯಾಗಿ ಬಂದದ್ದು ನಾವು ದೊಡ್ಡವರಾದ ಮೇಲೆ. ಇಂದಿನ ಒಂದನೆಯ ತರಗತಿಯಲ್ಲಿ ಮಗು ಅ ಆ ಇ ಈ ಯಿಂದ ಮೊದಲಿಡುವುದಿಲ್ಲ. ರ ಗ ಸ ದ ಅ ಎಂದು ಮೊದಲಿಡುತ್ತದೆ. ಹಳಬರು ಇದನ್ನು ಕೇಳಿ ಸಿಡಿಮಿಡಿಗೊಳ್ಳುತ್ತಾರೆ. ನಾನೂ ಮೊದಲು ಗೊಣಗಿದ್ದೆ. ಆಮೇಲೆ ಕುಳಿತು ಕೂಡಿಸಿ ನೋಡಿದೆ. ಸರ, ದರ, ರಸ, ಅರಸ, ಅಗಸ, ಸರಸರ, ಗರಗಸ. ಐದೇ ಅಕ್ಷರ, ಕಾಗುಣಿತ ಬೇಡ, ಒತ್ತು ಬೇಡ. ಮೊದಲ ವಾರವೇ ಮಗು ತಾನಾಗಿ ಓದುತ್ತದೆ. ನಮಗೆ ತಿಂಗಳುಗಟ್ಟಲೆ ಕಾದರೂ ಸಿಗದ ಸಂತೋಷ ಅದು. ನಮ್ಮ ನೆರೆಯ ಎಚ್. ಡಿ. ಕೋಟೆ ತಾಲ್ಲೂಕಿನಲ್ಲಿ 1995ರಲ್ಲಿ ಆರಂಭವಾದ ನಲಿ ಕಲಿ ಎಂಬ ಕಲಿಕೆಯ ಪದ್ಧತಿ ಪುಸ್ತಕವನ್ನೇ ಬಿಚ್ಚಿ ಕಾರ್ಡುಗಳಾಗಿ ಹರಡಿತು. ಒಂದೊಂದು ಕಾರ್ಡು ಒಂದೊಂದು ಮೆಟ್ಟಿಲು, ಒಂದೊಂದು ಮಗುವಿಗೆ ಒಂದೊಂದು ವೇಗ. ಒಬ್ಬರೇ ಶಿಕ್ಷಕರಿರುವ, ಬೇರೆ ಬೇರೆ ತರಗತಿಯ ಮಕ್ಕಳು ಒಟ್ಟಿಗೆ ಕೂರುವ ಬೆಟ್ಟದ ಶಾಲೆಗಳಿಗೆ ಇದು ಹೇಳಿ ಮಾಡಿಸಿದಂತಿದೆ.

ಒಟ್ಟಾಗಿ ಕೂಗುವುದು ಕಡಿಮೆಯಾಯಿತು. ಅದಕ್ಕೆ ನನಗೆ ಬೇಸರವಿದೆ. ಮನೆಯಲ್ಲಿ ಕನ್ನಡವಿಲ್ಲದ ಮಗುವಿಗೆ ಪದ ಓದಲು ಬಂದರೂ ಅದರ ದನಿ, ಅದರ ಎಳೆತ ಕಿವಿಗೆ ಬೀಳುವುದೆಲ್ಲಿ? ಕಾರ್ಡು ಮಾತಾಡುವುದಿಲ್ಲ.

ಕಳೆದ ವರ್ಷ ನಮ್ಮ ಹಳೆಯ ಶಾಲೆಗೆ ಹೋಗಿದ್ದೆ. ನಲವತ್ತು ಕೊರಳಿದ್ದ ಕೋಣೆಯಲ್ಲಿ ಈಗ ಹನ್ನೊಂದು ಮಕ್ಕಳು. ತೋಟದ ಕೆಲಸಕ್ಕೆಂದು ಅಸ್ಸಾಮಿನಿಂದ ಬಂದ ಕುಟುಂಬದ ಒಂದು ಹುಡುಗಿ ನೆಲದ ಮೇಲೆ ಕಾರ್ಡು ಹರಡಿಕೊಂಡಿದ್ದಳು. ಬೆರಳಿಟ್ಟು, ಒಂದೊಂದೇ ಅಕ್ಷರ ಕೂಡಿಸಿ, ಅ, ರ, ಸ ಎಂದು ಓದಿದಳು. ಮತ್ತೊಮ್ಮೆ ಸೇರಿಸಿ ಅರಸ ಎಂದಳು. ಯಾರೂ ಹೇಳಿಕೊಟ್ಟಿರಲಿಲ್ಲ, ತಾನೇ ಓದಿದ್ದಳು. ಮುಖ ಅರಳಿತು. ಆಮೇಲೆ ತಲೆ ಎತ್ತಿ ಕೇಳಿದಳು:

"ಟೀಚರ್, ಅರಸ ಎಂದರೆ ಏನು?"

ಟೀಚರ್ ಕಾರ್ಡನ್ನು ಕೆಳಗಿಟ್ಟು ಅವಳ ಪಕ್ಕದಲ್ಲಿ ಕುಳಿತರು. "ಮಡಿಕೇರಿಗೆ ಹೋಗಿದ್ದೀಯಾ? ಅಲ್ಲಿ ಕೋಟೆ ನೋಡಿದ್ದೀಯಾ?" ಎಂದು ಶುರುಮಾಡಿದರು. ಉಳಿದ ಹತ್ತು ಮಕ್ಕಳೂ ತಮ್ಮ ತಮ್ಮ ಕಾರ್ಡು ಬಿಟ್ಟು ಹತ್ತಿರ ಸರಿದರು.